ರಸ್ತೆ ಮುಚ್ಚಿದ ಕಾಲದಲ್ಲಿ ಕೀಲುವಾತದ ರೋಗಿಗಳು

(ಗ್ರಾಮಸಭೆ ಮತ್ತು ಮಹಿಳಾ ಮಂಡಳಿಯ ಕೂಡು ಸಭೆಯಲ್ಲಿ ಗ್ರಾಮಮಟ್ಟದ ಕಾರ್ಯಕರ್ತರು ಮಾಡಿದ ಭಾಷಣದ ಪಾಠ)



ಬಿತ್ತನೆ ಬೀಜ, ಗೊಬ್ಬರ, ಹುಳುವಿನ ಬಾಧೆ ಇವುಗಳ ವಿಷಯ ಕೇಳುವುದಕ್ಕೆ ನೀವು ನನ್ನನ್ನು ಕರೆಯುವುದು ವಾಡಿಕೆ. ಈ ದಿನ ಅದನ್ನು ಬದಿಗಿಟ್ಟು ಕಾಯಿಲೆಯ ಮಾತನ್ನು ಎತ್ತಿಕೊಂಡಿದ್ದೇನೆ. ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಯಾರಿಗೆ ಯಾವ ಔಷಧ ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಪಟ್ಟಣದ ಅಂಗಡಿಯಿಂದ ಹಳ್ಳಿಯ ಮನೆಗೆ ಔಷಧ ಬರುವ ದಾರಿಯೂ ಗೊಬ್ಬರದ ಮೂಟೆ ಬರುವ ದಾರಿಯೂ ಒಂದೇ. ಆ ದಾರಿ ಕಟ್ಟಿದಾಗ ಏನಾಗುತ್ತದೆಂಬುದನ್ನು ಹೇಳುವುದು ನನ್ನ ಕೆಲಸದ ಒಳಗೇ ಬರುತ್ತದೆಂದು ಭಾವಿಸಿದ್ದೇನೆ.

ಕೋವಿಡ್ ಕಾಲದ ಮಾತು ಬಂದಾಗಲೆಲ್ಲ ನಾವು ಆ ಸೋಂಕಿನಿಂದ ತೀರಿಕೊಂಡವರನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಸೋಂಕು ತಗಲದೆ, ಆ ಸೋಂಕಿನ ಸಲುವಾಗಿ ಹಾಕಿದ ಬಾಗಿಲುಗಳಿಂದಲೇ ನೊಂದವರು ಇನ್ನೊಂದು ಗುಂಪಿನವರು. ಅವರ ಲೆಕ್ಕವನ್ನು ಯಾರೂ ಇಟ್ಟಂತೆ ಕಾಣುವುದಿಲ್ಲ. ಅವರಲ್ಲಿ ಕೀಲುವಾತದವರು ಮುಖ್ಯರು.

ಈ ಕೀಲುವಾತ ಎಂದರೇನು ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ನಮ್ಮಲ್ಲಿ ಕೀಲು ನೋವುಗಳಿಗೆಲ್ಲ ಸೇರಿ 'ವಾಯು' ಎಂಬ ಒಂದೇ ಹೆಸರು. 2006ರಲ್ಲಿ ಚಿಕುನ್‌ಗುನ್ಯ ನಮ್ಮ ರಾಜ್ಯದಲ್ಲೆಲ್ಲ ಹಬ್ಬಿದ ಮೇಲಂತೂ ಯಾವ ನೋವು ಬಂದರೂ 'ಅದರ ಉಳಿಕೆ' ಎನ್ನುವುದು ರೂಢಿಯಾಯಿತು. ವಯಸ್ಸಾದವರ ಮಂಡಿ ಸವೆದು ಬರುವ ನೋವು ಬೇರೆ. ಡಾಕ್ಟರು 'ರುಮಟಾಯ್ಡ್ ಆರ್ಥ್ರೈಟಿಸ್' ಎನ್ನುವ ಉರಿಯೂತದ ಸಂಧಿವಾತ ಬೇರೆ. ಎರಡನೆಯದು ಮೂವತ್ತು ನಲವತ್ತರ ವಯಸ್ಸಿನಲ್ಲೂ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಬೆರಳಿನ ಬುಡದ ಗೆಣ್ಣು, ಮಣಿಕಟ್ಟು, ಕಾಲ್ಬೆರಳು ಇಂಥ ಸಣ್ಣ ಕೀಲುಗಳು ಎರಡೂ ಕಡೆ ಒಟ್ಟಿಗೇ ಊದುತ್ತವೆ. ಬೆಳಿಗ್ಗೆ ಎದ್ದಾಗ ಕೈ ಮರಗಟ್ಟಿದಂತಿರುತ್ತದೆ. ಒಂದು ಗಂಟೆ ಕಳೆದರೂ ಮುಷ್ಟಿ ಕಟ್ಟಲು ಬರುವುದಿಲ್ಲ. ಶರೀರವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ತಿರುಗಿ ನಿಂತು ಕೀಲನ್ನು ತಿನ್ನುವುದು ಈ ರೋಗದ ಮೂಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಬೇರೆ ಯಾವ ಕಾಯಿಲೆಗೂ ಇಷ್ಟು ಸರಿಯಾಗಿ ಒಪ್ಪಲಾರದು.

ಇದೇ ಜಾತಿಯ ಬೇರೆ ರೋಗಗಳೂ ಇವೆ. ಹರೆಯದ ಗಂಡಸರ ಬೆನ್ನೆಲುಬನ್ನು ಬಿಗಿಯುವ ವಾತ, ಮುಖದ ಮೇಲೆ ಕೆಂಪು ಗಂಧೆ ಎಬ್ಬಿಸಿ ಮೂತ್ರಪಿಂಡಕ್ಕೂ ಕೈಹಾಕುವ ಲೂಪಸ್, ಕರುಳಿನ ಹುಣ್ಣು, ಸೋರಿಯಾಸಿಸ್ ಎಂಬ ಚರ್ಮರೋಗ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಇವತ್ತು ಅವನ್ನೆಲ್ಲ ಬಿಡಿಸಿ ಹೇಳಲು ಹೊತ್ತಿಲ್ಲ. ಔಷಧ ತಪ್ಪಿದರೆ ಆಗುವ ಪಾಡು ಮಾತ್ರ ಎಲ್ಲಕ್ಕೂ ಹೆಚ್ಚು ಕಡಿಮೆ ಒಂದೇ.

ಈ ರೋಗ ಬೇರುಸಹಿತ ಹೋಗುವುದಿಲ್ಲ. ಆದರೆ ಹತೋಟಿಗೆ ಬರುತ್ತದೆ. ಮೊದಲ ಒಂದೆರಡು ವರ್ಷಗಳಲ್ಲೇ ಸರಿಯಾದ ಔಷಧ ಹಿಡಿದರೆ ಬೆರಳು ಸೊಟ್ಟಗಾಗದಂತೆ ಉಳಿಸಿಕೊಳ್ಳಬಹುದು. ಸೊಟ್ಟಗಾದ ಮೇಲೆ ಯಾವ ಔಷಧವೂ ಅದನ್ನು ನೆಟ್ಟಗೆ ಮಾಡಲಾರದು. ಮೆಥೋಟ್ರೆಕ್ಸೇಟ್ ಎಂಬ ಗುಳಿಗೆ ಇದಕ್ಕೆ ಮುಖ್ಯವಾದದ್ದು. ವಾರಕ್ಕೆ ಒಂದೇ ದಿನ ಅದನ್ನು ನುಂಗಬೇಕು. ಡಾಕ್ಟರು ಹೇಳಿದ ಬೇರೆ ದಿನ ಫೋಲಿಕ್ ಆಮ್ಲದ ಗುಳಿಗೆ. ಜತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಇಂಥವನ್ನು ಕೊಡುವುದುಂಟು. ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಯಕೃತ್ತು, ರಕ್ತಕಣ ಸರಿಯಾಗಿವೆಯೇ ಎಂದು ನೋಡುತ್ತಾರೆ. ಔಷಧ, ಪರೀಕ್ಷೆ, ಪಟ್ಟಣದ ಭೇಟಿ ಈ ಮೂರೂ ಸೇರಿದರೆ ಗಾಡಿ ಓಡುತ್ತದೆ. ಈ ರೋಗವನ್ನೇ ವಿಶೇಷವಾಗಿ ಓದಿದ ಡಾಕ್ಟರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ಸಿಗುತ್ತಾರೆಯೇ ಹೊರತು ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದು ದುರ್ಲಭ. ಆದಕಾರಣ ನಮ್ಮ ಹಳ್ಳಿಯ ರೋಗಿಯ ಆರೈಕೆಯೆಲ್ಲ ಬೆಳಗಿನ ಒಂದು ಬಸ್ಸಿನ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

2020ರ ಮಾರ್ಚ್ 25ರಂದು ದೇಶವೆಲ್ಲ ಮುಚ್ಚಿತು. ಮೊದಲು 21 ದಿನವೆಂದರು, ಆಮೇಲೆ ಮೇ 3, ಆಮೇಲೆ ಮೇ 17, ಹೀಗೆ ಅವಧಿ ಬೆಳೆಯಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ಸು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ನಡುವೆ ಕಳೆದದ್ದು ಎಂಟು ವಾರ. ವಾರಕ್ಕೊಮ್ಮೆ ಆರು ಗುಳಿಗೆ ನುಂಗುವ ರೋಗಿಗೆ ಎಂಟು ವಾರವೆಂದರೆ ನಲವತ್ತೆಂಟು ಗುಳಿಗೆ.

ಸರ್ಕಾರದ ಆಜ್ಞೆಯಲ್ಲಿ ಆಸ್ಪತ್ರೆಗಳಿಗೂ ಔಷಧದ ಅಂಗಡಿಗಳಿಗೂ ಮೊದಲ ದಿನದಿಂದಲೇ ವಿನಾಯಿತಿ ಇತ್ತು. ಅದನ್ನು ಮರೆಯಬಾರದು. ಮಾರ್ಚ್ 27ರಂದು ಬೇಸಾಯದ ಕೆಲಸಕ್ಕೂ ಮಂಡಿಗಳಿಗೂ ವಿನಾಯಿತಿ ಕೊಟ್ಟರು. ತರಕಾರಿ, ಹಣ್ಣು, ಬೀಜ, ಗೊಬ್ಬರದ ವಾಹನಗಳಿಗೆ ಪಾಸು ಸಿಕ್ಕಿತು. ಆದರೆ ಅಂಗಡಿ ತೆರೆದಿದ್ದರೆ ಸಾಲದು, ಅಂಗಡಿಗೆ ಹೋಗುವ ದಾರಿಯೂ ತೆರೆದಿರಬೇಕು. ಪೇಟೆಗೆ ಹೋಗುವ ಕಲ್ಲಂಗಡಿಯ ಟೆಂಪೋಗೆ ಪಾಸು ಇತ್ತು. ಅದೇ ಟೆಂಪೋದಲ್ಲಿ ಒಂದು ಚೀಟಿ ಕೊಟ್ಟು ಕಳುಹಿಸಿ ಗುಳಿಗೆ ತರಿಸಬಹುದೆಂದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದ ಕಡೆ ಕೆಲಸ ಸುಸೂತ್ರವಾಗಿ ಆಯಿತು.

ಇನ್ನೊಂದು ಕಡೆ ಆಸ್ಪತ್ರೆಗಳೇ ಬೇರೆಯಾದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು 2020ರ ಮಾರ್ಚ್‌ನಲ್ಲೇ ಕೋವಿಡ್ ರೋಗಿಗಳಿಗೆಂದು ಮೀಸಲಿಟ್ಟರು. ಜಿಲ್ಲೆಗಳಲ್ಲೂ ಅನೇಕ ದೊಡ್ಡ ಆಸ್ಪತ್ರೆಗಳು ಹೀಗೆಯೇ ಆದವು. ಹೊರರೋಗಿ ವಿಭಾಗಗಳ ಬಾಗಿಲು ಹಾಕಿತು, ಇಲ್ಲವೇ ಅರ್ಧ ತೆರೆಯಿತು. ಆ ಹೊತ್ತಿನಲ್ಲಿ ಹಾಗೆ ಮಾಡದೆ ಗತ್ಯಂತರವಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಬಾಗಿಲು ಹಾಕುವ ಮುನ್ನ ತಿಂಗಳು ತಿಂಗಳೂ ಬರುತ್ತಿದ್ದ ಹಳೆಯ ರೋಗಿ ಇನ್ನು ಎಲ್ಲಿಗೆ ಹೋಗಬೇಕೆಂದು ಒಂದು ಹಲಗೆಯನ್ನಾದರೂ ನೇತುಹಾಕಬಹುದಿತ್ತು.

ಇಷ್ಟು ಸಾಲದೆಂಬಂತೆ ಔಷಧಕ್ಕೇ ಬರ ಬಂತು. ಹೈಡ್ರಾಕ್ಸಿಕ್ಲೋರೋಕ್ವಿನ್ ಮೂಲದಲ್ಲಿ ಮಲೇರಿಯಾದ ಮದ್ದು. ಹಲವು ವರ್ಷಗಳಿಂದ ಕೀಲುವಾತಕ್ಕೂ ಲೂಪಸ್‌ಗೂ ಬಳಸುತ್ತಿದ್ದರು. ಅದು ಕೋವಿಡ್ ತಡೆಯಬಹುದೆಂಬ ಸುದ್ದಿ 2020ರ ಮಾರ್ಚ್‌ನಲ್ಲಿ ಹಬ್ಬಿತು. ಸೋಂಕಿತರನ್ನು ನೋಡಿಕೊಳ್ಳುವ ಆರೋಗ್ಯ ಸಿಬ್ಬಂದಿ ಮತ್ತು ಸೋಂಕಿತರ ಮನೆಯವರು ತೆಗೆದುಕೊಳ್ಳಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಪಡೆಯ ಸಲಹೆಯೂ ಹೊರಟಿತು. ಕಾಯಿಲೆಯೇ ಇಲ್ಲದವರು ಅಂಗಡಿಗೆ ಮುತ್ತಿ ಪಟ್ಟಿ ಪಟ್ಟಿ ಕೊಂಡು ಪೆಟ್ಟಿಗೆಯಲ್ಲಿಟ್ಟರು. ಮಾರ್ಚ್ 25ರಂದು ಅದರ ರಫ್ತನ್ನು ತಡೆದರು. ಮರುದಿನ ಡಾಕ್ಟರ ಚೀಟಿಯಿಲ್ಲದೆ ಮಾರದಂತೆ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡುವಂತೆ ಬಿಗಿ ನಿಯಮ ಬಂತು. ಅಷ್ಟರಲ್ಲಿ ಸಣ್ಣ ಊರುಗಳ ಅಂಗಡಿಗಳು ಬರಿದಾಗಿದ್ದವು. ವರ್ಷಗಟ್ಟಲೆ ಅದನ್ನೇ ನಂಬಿದ್ದ ರೋಗಿ ಚೀಟಿ ಹಿಡಿದು ಹೋದರೆ 'ಸ್ಟಾಕಿಲ್ಲಮ್ಮ' ಎಂಬ ಉತ್ತರ. ಕೊನೆಗೆ ಆದದ್ದಾದರೂ ಏನು? ಇಂಗ್ಲೆಂಡಿನ ರಿಕವರಿ ಎಂಬ ದೊಡ್ಡ ಪ್ರಯೋಗದವರು 2020ರ ಜೂನ್ 5ರಂದು, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಈ ಮದ್ದಿನಿಂದ ಪ್ರಯೋಜನವಿಲ್ಲವೆಂದು ಸಾರಿದರು. ಪೆಟ್ಟಿಗೆಯಲ್ಲಿ ಕೂಡಿಟ್ಟವರಿಗೆ ಅದು ಉಪಯೋಗಕ್ಕೆ ಬರಲಿಲ್ಲ, ಬೇಕಾದವರಿಗೆ ಸಿಗಲೂ ಇಲ್ಲ. ಗೊಬ್ಬರ ಸಿಗದೆಂಬ ಗಾಳಿಮಾತಿಗೆ ಹತ್ತು ಮೂಟೆ ಹೆಚ್ಚಿಗೆ ಎತ್ತಿ ಕೊಟ್ಟಿಗೆಯಲ್ಲಿ ಕರಗಿಸುವ ಸಂಗತಿ ನಮಗೆ ಹೊಸದೇನಲ್ಲ.

ನಾನು ಹತ್ತಿರದಿಂದ ಕಂಡ ಒಬ್ಬ ತಾಯಿಯ ಪಾಡನ್ನು ಹೇಳುತ್ತೇನೆ. ಹೆಸರೂ ಊರೂ ಬೇಡ. ವಯಸ್ಸು ನಲವತ್ತರ ಒಳಗೆ. ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು. ನಾಲ್ಕು ವರ್ಷದಿಂದ ಕೀಲುವಾತ, ಔಷಧದಿಂದ ಹತೋಟಿಯಲ್ಲಿತ್ತು. ಏಪ್ರಿಲ್ ಮೊದಲ ವಾರಕ್ಕೆ ನಗರದ ಆಸ್ಪತ್ರೆಗೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಮನೆಯಲ್ಲಿ ಮೆಥೋಟ್ರೆಕ್ಸೇಟ್ ಇನ್ನೂ ಮೂರು ವಾರಕ್ಕಾಗುವಷ್ಟು ಇತ್ತು. ಅಷ್ಟರಲ್ಲಿ ನೆಂಟರೊಬ್ಬರು ಫೋನಿನಲ್ಲಿ, "ಆ ಗುಳಿಗೆ ಮೈಯ ಶಕ್ತಿ ಕುಗ್ಗಿಸ್ತದಂತೆ, ಕೊರೊನಾ ಬೇಗ ಹಿಡೀತದೆ, ನಿಲ್ಲಿಸಿಬಿಡಕ್ಕ" ಎಂದರು. ಇದ್ದ ಗುಳಿಗೆಯನ್ನೂ ಅವರು ನಿಲ್ಲಿಸಿದರು. ಆ ಕಾಲದಲ್ಲಿ ಹೀಗೆ ಭಯಪಟ್ಟು ತಾವಾಗಿಯೇ ಔಷಧ ಬಿಟ್ಟವರು ಊರೂರಿನಲ್ಲಿದ್ದರು. ಈ ಔಷಧಗಳು ರಕ್ಷಣಾ ಶಕ್ತಿಯ ಅತಿರೇಕವನ್ನು ತಗ್ಗಿಸುವುದು ನಿಜವೇ. ಆದರೆ ಸೋಂಕು ತಗಲದ ರೋಗಿಗಳು ತಮ್ಮ ಔಷಧವನ್ನು ಮುಂದುವರಿಸತಕ್ಕದ್ದು, ಜ್ವರ ಬಂದರೆ ಕೂಡಲೇ ಡಾಕ್ಟರನ್ನು ಕೇಳತಕ್ಕದ್ದು ಎಂದೇ ವಾತರೋಗ ತಜ್ಞರು ಆಗಲೂ ಹೇಳಿದ್ದರು. ಆ ಮಾತು ನಗರದಲ್ಲೇ ಉಳಿಯಿತು. ಗಾಳಿಮಾತಿಗೆ ಬಸ್ಸು ಬೇಕಿರಲಿಲ್ಲ.

ನಿಲ್ಲಿಸಿದ ಮೊದಲ ಮೂರು ವಾರ ಏನೂ ಆಗಲಿಲ್ಲ. ಮೋಸ ಹೋಗುವುದು ಇಲ್ಲಿಯೇ. ಎರೆಭೂಮಿಯ ಹಿಂಗಾರಿ ಜೋಳ ಮಳೆಯಿಲ್ಲದಿದ್ದರೂ ಕೆಲವು ವಾರ ಹಸಿರಾಗಿಯೇ ನಿಲ್ಲುವುದನ್ನು ನೀವು ಕಂಡಿದ್ದೀರಿ. ಆಳದ ತೇವ ಅದನ್ನು ಹಿಡಿದಿರುತ್ತದೆ. ತೇವ ತೀರಿದ ದಿನ ಒಮ್ಮೆಗೇ ಬಾಡುತ್ತದೆ. ಈ ಔಷಧಗಳೂ ಹಾಗೆಯೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಅಂತೂ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿದಿರುತ್ತದೆ. 'ಗುಳಿಗೆ ಇಲ್ಲದೆಯೂ ಚೆನ್ನಾಗಿದ್ದೇನೆ' ಎಂದು ಆ ತಾಯಿ ನಂಬಿದರು. ಆರನೆಯ ವಾರಕ್ಕೆ ಎರಡೂ ಮಣಿಕಟ್ಟು ಊದಿದವು. ಹಾಲು ಕರೆಯಲು ಆಗದೆ ಮಗಳು ಕರೆಯತೊಡಗಿದಳು. ಎಂಟನೆಯ ವಾರಕ್ಕೆ ರೊಟ್ಟಿ ತಟ್ಟುವುದೂ ಬಟ್ಟೆ ಹಿಂಡುವುದೂ ನಿಂತವು. ಕೆಚ್ಚಲಲ್ಲಿ ಹಾಲು ಉಳಿದು ಒಂದು ಹಸುವಿಗೆ ಕೆಚ್ಚಲು ಬಾವು ಬಂತು. ಇದನ್ನು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಬರೆಯುವುದಿಲ್ಲವಷ್ಟೆ.

ನೋವು ತಡೆಯಲಾರದೆ ಮನೆಯವರು ಹತ್ತಿರದ ಊರಿನಿಂದ ಚೀಟಿಯಿಲ್ಲದೆ ಒಂದು ಗುಳಿಗೆ ತಂದರು. ಮೂರೇ ದಿನದಲ್ಲಿ ಊತ ಇಳಿಯಿತು. ಯೂರಿಯಾ ಚೆಲ್ಲಿದ ಪೈರು ಹೇಗೆ ಮೂರು ದಿನದಲ್ಲಿ ಕಪ್ಪಗೆ ಹಸಿರಾಗುತ್ತದೋ ಹಾಗೆ. ಅದು ಸ್ಟೀರಾಯ್ಡ್ ಗುಳಿಗೆ. ಡಾಕ್ಟರ ಲೆಕ್ಕದಲ್ಲಿ, ಕಡಿಮೆ ಪ್ರಮಾಣದಲ್ಲಿ, ಕೆಲವು ಕಾಲ ಕೊಟ್ಟರೆ ಅದೂ ಒಳ್ಳೆಯ ಔಷಧವೇ. ಲೆಕ್ಕವಿಲ್ಲದೆ ತಿಂದರೆ ಸಕ್ಕರೆ ಏರುತ್ತದೆ, ಮೂಳೆ ಜೊಳ್ಳಾಗುತ್ತದೆ, ಮುಖ ಊದುತ್ತದೆ, ಸೋಂಕಿಗೆ ದಾರಿಯಾಗುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರವೆಂದು ನಾವೆಲ್ಲ ಹೆದರಿದ ರೋಗದ ಹಿಂದೆ ಸಕ್ಕರೆ ಕಾಯಿಲೆಯೂ ಸ್ಟೀರಾಯ್ಡಿನ ಅತಿ ಬಳಕೆಯೂ ಇದ್ದವು. ಇನ್ನೂ ಒಂದು ಅಪಾಯವುಂಟು. ಹಲವು ವಾರ ತಿಂದ ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಬಾರದು. ಹೊರಗಿನಿಂದ ಸಿಕ್ಕಿದಾಗ ಮೈಯೊಳಗಿನ ಗ್ರಂಥಿ ತನ್ನ ಕೆಲಸ ಬಿಟ್ಟು ಕೂತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಆ ತಾಯಿ ಜೂನ್ ತಿಂಗಳಲ್ಲಿ ಬಸ್ಸು ಹತ್ತಿ ನಗರಕ್ಕೆ ಹೋದರು. ಡಾಕ್ಟರು ಸ್ಟೀರಾಯ್ಡನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಹಳೆಯ ಔಷಧವನ್ನು ಮತ್ತೆ ಹಿಡಿಸಿದರು. ಹತೋಟಿಗೆ ಬರಲು ನಾಲ್ಕು ತಿಂಗಳಾಯಿತು. ಬಲಗೈಯ ಎರಡು ಬೆರಳು ಮಾತ್ರ ಮೊದಲಿನಂತೆ ಮಡಿಚುವುದಿಲ್ಲ.

ಒಳ್ಳೆಯದೂ ನಡೆಯಿತು, ಅದನ್ನು ಹೇಳದಿದ್ದರೆ ನ್ಯಾಯವಾಗದು. ದೇಶ ಮುಚ್ಚಿದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಡಾಕ್ಟರು ಫೋನಿನಲ್ಲೂ ವಿಡಿಯೋದಲ್ಲೂ ರೋಗಿಯನ್ನು ನೋಡಿ ಚೀಟಿ ಬರೆಯಲು ನಿಯಮ ಬಂತು. ಹಳೆಯ ರೋಗಿಗೆ ಹಳೆಯ ಔಷಧವನ್ನು ಮುಂದುವರಿಸಲು ಅದರಲ್ಲಿ ಅವಕಾಶವಿತ್ತು. ಏಪ್ರಿಲ್‌ನಲ್ಲಿ ಇ-ಸಂಜೀವಿನಿ ಎಂಬ ಸರ್ಕಾರದ ಉಚಿತ ಸೇವೆ ಮನೆಯಿಂದಲೇ ಮಾತಾಡುವಂತೆ ತೆರೆಯಿತು. ಅಂಚೆ ಇಲಾಖೆಯವರು ಔಷಧದ ಪೊಟ್ಟಣಗಳನ್ನು ಊರಿಂದೂರಿಗೆ ಮುಟ್ಟಿಸಿದರು. ನಮ್ಮ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ಮನೆ ಮನೆ ತಿರುಗಿದರು. ಅವರಿಗೆ ನಾವು ಸಲ್ಲಿಸಿದ ಮರ್ಯಾದೆ ಚಪ್ಪಾಳೆಗೇ ಮುಗಿಯಿತೇನೋ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಫೋನಿನ ವೈದ್ಯಕ್ಕೆ ಮಿತಿಯುಂಟು. ಮುಷ್ಟಿ ಹಿಡಿದು ತೋರಿಸಿ ಎಂದರೆ ವಿಡಿಯೋದಲ್ಲಿ ತೋರಿಸಬಹುದು. ಗೆಣ್ಣನ್ನು ಒತ್ತಿ ನೋಡುವುದಕ್ಕೆ ಡಾಕ್ಟರ ಬೆರಳೇ ಬೇಕು. ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರುಗಳು ನಮ್ಮಲ್ಲಿದ್ದವು, ಮಂಡಿ ಊದಿದವರು ಟ್ಯಾಂಕು ಹತ್ತುವುದೆಂತು? ಎಲ್ಲಕ್ಕಿಂತ ಹೆಚ್ಚಾಗಿ ಮಾತು ತಪ್ಪಿ ಕೇಳಿಸುವ ಭಯ. ಈ ಮಾತನ್ನು ದಯವಿಟ್ಟು ಮನೆಗೆ ಹೋಗಿ ಇನ್ನೊಮ್ಮೆ ಹೇಳಿರಿ: ಮೆಥೋಟ್ರೆಕ್ಸೇಟ್ ವಾರಕ್ಕೊಂದು ದಿನದ ಔಷಧ. ತಪ್ಪಿ ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಇಳಿದು, ಪ್ರಾಣ ಹೋಗುವುದುಂಟು. ಹಾಗೆ ಹುಣ್ಣು, ಜ್ವರ ಕಂಡರೆ ಗುಳಿಗೆ ನಿಲ್ಲಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಅದಕ್ಕೆ ಪ್ರತಿಮದ್ದು ಇದೆ. ವಾರದ ಯಾವ ದಿನವೆಂಬುದನ್ನು ಗುಳಿಗೆಯ ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿಡಿ. ಸಂತೆಯ ದಿನವನ್ನೇ ಗುಳಿಗೆಯ ದಿನ ಮಾಡಿಕೊಂಡವರು ಮರೆತದ್ದನ್ನು ನಾನು ಕಂಡಿಲ್ಲ. ಗರ್ಭಿಣಿಯರೂ ಮಗು ಬೇಕೆನ್ನುವವರೂ ಈ ಔಷಧ ತೆಗೆದುಕೊಳ್ಳಬಾರದು. ಸೊಸೆಯರಿಗೆ ಇದನ್ನು ಸಂಕೋಚವಿಲ್ಲದೆ ತಿಳಿಸುವ ಕೆಲಸ ಮಹಿಳಾ ಮಂಡಳಿಯದು.

2021ರ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಎರಡನೆಯ ಸಲ ರಾಜ್ಯ ಮುಚ್ಚಿತು. ಆಗ ಗುಳಿಗೆಯ ಬರ ಅಷ್ಟಿರಲಿಲ್ಲ. ಆಸ್ಪತ್ರೆಯ ಹೆಸರೆತ್ತಿದರೇ ಜನ ನಡುಗುವಂತಾಗಿತ್ತು. ಲಸಿಕೆ ಬಂದಾಗ 'ವಾತದ ಮದ್ದು ತಿನ್ನುವವರು ಹಾಕಿಸಬಾರದಂತೆ' ಎಂಬ ಗುಲ್ಲು ಬೇರೆ. ಅಂಥವರಿಗೆ ಲಸಿಕೆ ಹೆಚ್ಚು ಅಗತ್ಯವೆಂದು ಡಾಕ್ಟರು ಹೇಳಿ ಹೇಳಿ ಸುಸ್ತಾದರು.

ಕೋವಿಡ್ ಹೋಯಿತು, ಈಗೇಕೆ ಈ ಮಾತು ಎಂದು ಯಾರಾದರೂ ಕೇಳಬಹುದು. ದಾರಿ ಮುಚ್ಚುವುದಕ್ಕೆ ಕೋವಿಡ್ಡೇ ಬರಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು ಜಿಲ್ಲೆಗಳಲ್ಲಿ ನೆರೆ ಬಂದು ಸೇತುವೆಗಳು ಮುಳುಗಿದಾಗಲೂ ಗುಳಿಗೆ ಆಚೆ ದಡದಲ್ಲೇ ಉಳಿದಿತ್ತು.

ಈಗ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ, ಕೆಲವು ಬಗೆಯ ಕ್ಯಾನ್ಸರ್ ಇವನ್ನು ತಪಾಸಣೆ ಮಾಡಿ ಪಟ್ಟಿ ಇಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆ ತಪಾಸಣೆಯಲ್ಲಿ ಕೀಲುವಾತ ಸೇರಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಕಷ್ಟಕಾಲದಲ್ಲಿ ಗುಳಿಗೆ ಮುಟ್ಟಿಸುವವರು ಯಾರು? 2020ರಲ್ಲಿ ಪಂಚಾಯತಿಗೊಂದು ಕಾರ್ಯಪಡೆ ಮಾಡಿದ್ದರು. ಹೊರಗಿನಿಂದ ಬಂದವರ ಹೆಸರೆಲ್ಲ ಅವರ ಪುಸ್ತಕದಲ್ಲಿತ್ತು. ಊರೊಳಗೇ ಇದ್ದ ಹಳೆಯ ರೋಗಿಗಳ ಹೆಸರು ಇರಲಿಲ್ಲ. ಮೇಲಿನವರು ಕಾಲಂ ಸೇರಿಸುವವರೆಗೆ ಕಾಯುವುದು ಬೇಡ. ಒಂದು ನಲವತ್ತು ಪುಟದ ನೋಟ್ ಪುಸ್ತಕ ಸಾಕು. ಹೆಸರು, ಔಷಧ, ವಾರಕ್ಕೆಷ್ಟು, ಡಾಕ್ಟರು ಯಾರು, ಮುಂದಿನ ರಕ್ತ ಪರೀಕ್ಷೆ ಯಾವಾಗ ಇಷ್ಟು ಬರೆದರೆ ಆಯಿತು. ಇದು ಖಾಸಗಿ ವಿಷಯ. ಪುಸ್ತಕ ಆಶಾ ಕಾರ್ಯಕರ್ತೆಯ ಕೈಯಲ್ಲಿರಲಿ, ಚಾವಡಿಯ ಗೋಡೆಗೆ ಅಂಟಿಸುವಂಥದ್ದಲ್ಲ. ರೋಗಿ ಒಪ್ಪಿದರೆ ಮಾತ್ರ ಬರೆಯತಕ್ಕದ್ದು.

ಡಾಕ್ಟರನ್ನು ಕೇಳಿ ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಔಷಧ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಬಿತ್ತನೆ ಬೀಜ ಎತ್ತಿಟ್ಟ ಹಾಗೆ. ಅದಕ್ಕಿಂತ ಹೆಚ್ಚು ಕೂಡಿಡಬೇಡಿ, ಇನ್ನೊಬ್ಬರ ಪಾಲು ಅದು. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಚೀಟಿ ತೋರಿಸಿ ವಿಚಾರಿಸಿ. ಫೋನಿನಲ್ಲಿ ಸಲಹೆ ಬೇಕಾದರೆ 104ಕ್ಕೆ ಕರೆ ಮಾಡಬಹುದು.

ಬರುವ ಮಂಗಳವಾರ ಮಧ್ಯಾಹ್ನ ಅಂಗನವಾಡಿ ಕಟ್ಟಡದಲ್ಲಿ ಆಶಾ ಕಾರ್ಯಕರ್ತೆಯವರೂ ಮಹಿಳಾ ಮಂಡಳಿಯವರೂ ಕೂತು ಈ ಪುಸ್ತಕವನ್ನು ಆರಂಭಿಸುತ್ತಾರೆ. ಕೀಲುವಾತವಿರುವವರು ತಮ್ಮ ಹಳೆಯ ಚೀಟಿಗಳನ್ನು ತರಬೇಕೆಂದು ಕೋರಿಕೆ. ಚೀಟಿ ಕಳೆದಿದ್ದರೆ ಗುಳಿಗೆ ಖಾಲಿಯಾದ ಪಟ್ಟಿಯನ್ನೇ ತನ್ನಿ, ಹೆಸರೂ ಪ್ರಮಾಣವೂ ಅದರ ಬೆನ್ನ ಮೇಲೆ ಅಚ್ಚಾಗಿರುತ್ತವೆ. ನಡೆದು ಬರಲಾಗದವರು ಮಕ್ಕಳ ಕೈಯಲ್ಲಿ ಹೇಳಿ ಕಳುಹಿಸಿದರೆ ನಾವೇ ಮನೆಗೆ ಬರುತ್ತೇವೆ.